ಟೈಪಿಂಗ್ ಕ್ಲಾಸು

ಸಿನಿಮಾದ ಹುಡುಗಿ ಡ್ಯಾನ್ಸ್ ಕ್ಲಾಸೆಂದು ಮನೆಯಲ್ಲಿ ಸುಳ್ಳು ಹೇಳಿ, ಗೆಳತಿಯರ ಜೊತೆ ಬೆಟ್ಟ ಹತ್ತಿ, ಕೆಸರಿನಲ್ಲಿ ಜಾರಿ ಬಿದ್ದು, ಗೆಜ್ಜೆಯ ಚೀಲವನ್ನೂ ಕಳೆದುಕೊಂಡು ಮನೆಗೆ ಬಂದಾಗ ಸುಕನ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಯಲ್ಲಿ ಅದೇ ಹುಡುಗಿ ಅಮ್ಮನ ಮಡಿಲಲ್ಲಿ ತಲೆಯಿಟ್ಟಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಡಗಡೆ ಕೂತಿದ್ದ ಅವಳ ತಾಯಿ ಸಿನಿಮಾ ನೋಡುತ್ತಿದ್ದರು. ಬಲಗಡೆ ಕೂತಿದ್ದ ಮಗಳು ಮಾತ್ರ ಅಮ್ಮನನ್ನೇ ನೋಡುತ್ತಿದ್ದಳು.

ಟಾಕೀಸಿನ ಮೆಟ್ಟಿಲಿಳಿಯುವಾಗ ಮಗಳು ಶುರು ಮಾಡಿದಳು.

"ಅಮ್ಮ, ಭಾನುವಾರ ನಮ್ಮ ಕ್ಲಾಸಿನವರೆಲ್ಲ ಬೆಟ್ಟಕ್ಕೆ ಹೋಗ್ತಿದ್ದಾರೆ. ನಾನೂ ಹೋಗ್ಲಾ?"

"ಬೆಳಿಗ್ಗೇನೇ ಬೇಡ ಅಂದ್ನಲ್ಲ."

"ಸುಳ್ಳು ಹೇಳಿ ಹೋದವಳನ್ನ ನೋಡಿ ಅಷ್ಟೊಂದು ನಕ್ಕೆ. ನಿಜ ಹೇಳಿ ಕೇಳ್ತಿರೋ ನಂಗೆ ಬೇಡ ಅಂತೀಯ!"

ಹದಿನಾರರ ಮಗಳ ಮುಂದೆ ಒಮ್ಮೆ ಸೋತರೆ ಮತ್ತೆಂದೂ ಗೆಲ್ಲಲಾಗದು ಎಂಬ ಭಯ ಸುಕನ್ಯಾಗೆ.

"ಅದು ಸಿನಿಮಾ ಕಣೆ. ನಿನ್ನ ವಯಸ್ಸಲ್ಲಿ ನಾನು ಮನೆ ಬಿಟ್ರೆ ಟೈಪಿಂಗ್ ಕ್ಲಾಸು, ಕ್ಲಾಸು ಬಿಟ್ರೆ ಮನೆ. ಬೇಕಿದ್ರೆ ಅಜ್ಜೀನೇ ಕೇಳು."

ಕಂಬಿ ಹಿಡಿದು ಹಿಂದೆ ಇಳಿಯುತ್ತಿದ್ದ ಅಜ್ಜಿ ಅಲ್ಲೇ ನಿಂತು ಉಸಿರು ತೆಗೆದುಕೊಂಡರು.

"ಹೌದು ಪುಟ್ಟಿ, ನಿಮ್ಮಮ್ಮಂಗೆ ಬಲು ಶ್ರದ್ಧೆ. ಆ ಟೈಪಿಂಗ್ ಸ್ಕೂಲಿಗೆ ಬೀಗ ಬಿದ್ದು ಎರಡು ತಿಂಗಳಾದ್ರೂ ಒಂದು ದಿನಾನೂ ಕ್ಲಾಸು ತಪ್ಪಿಸಲಿಲ್ಲ."