ಮುಟ್ಟದ ಕಾಗದ

ಲಿಫ್ಟಿನ ಬಾಗಿಲು ಮುಚ್ಚಿದ್ದೇ ತಡ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳ ಮೂಗು ಸೊಟ್ಟಗಾಯಿತು. ಮತ್ತೆ ಅದೇ ನಾತ. ಕೊಳೆತ ಮೊಟ್ಟೆ, ಒಣಗದ ನೆಲ ಒರೆಸುವ ಬಟ್ಟೆ, ಇನ್ನೂ ಏನೇನೋ ಸೇರಿದಂಥ ನಾತ. ಈಜು ಮುಗಿಸಿ ಬಂದವರು, ಲಿಫ್ಟಿನಲ್ಲಿ ಒಬ್ಬರೇ ಇದ್ದರು. ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಒತ್ತಿಕೊಂಡರು. ಏನೂ ಪ್ರಯೋಜನವಾಗಲಿಲ್ಲ.

"ಇಲ್ಲೂ ಕಾಲಿಟ್ಟು ಹೋಗಿದಾನೆ, ಅಯೋಗ್ಯ," ಎಂದು ಗೊಣಗಿದರು.

ಅಯೋಗ್ಯನೆಂದರೆ ಗಟಾರದಣ್ಣ. ನಾನೂರು ಫ್ಲ್ಯಾಟುಗಳ ಕೊಳಚೆ ನೀರು ನೆಲಮಾಳಿಗೆಯ ತೊಟ್ಟಿಗಳಿಗೆ ಬಂದು, ಅಷ್ಟಿಷ್ಟು ಸೋಸಿ, ತೋಟಕ್ಕೆ ಹೋಗುತ್ತದಲ್ಲ, ಅದನ್ನು ನೋಡಿಕೊಳ್ಳುವವನು. ಹನ್ನೊಂದು ವರ್ಷದಿಂದ ಹೆಂಡತಿ, ಮಗಳ ಜೊತೆ ಗೇಟಿನ ಪಕ್ಕದ ಒಂದೇ ಕೋಣೆಯಲ್ಲಿ ಇದ್ದಾನೆ. ಕೆಲಸ ಹೋದರೆ ಕೋಣೆಯೂ ಹೋಯಿತು, ಮಗಳ ಶಾಲೆಯೂ ಹೋಯಿತು. ನಾನೂರು ಮನೆಯವರ ಹೊಲಸು ಬಳಿಯುವವನು ಅವನು. ಅವನನ್ನು ಕಂಡರೆ ಮೂಗು ಮುಚ್ಚಿಕೊಳ್ಳುವವರು ಇವರು. ನಾಚಿಕೆ ಮಾತ್ರ ಯಾರಿಗೂ ಇಲ್ಲ.

ಹದಿನೆಂಟು ದಿನದ ಹಿಂದೆ, ಆಗಷ್ಟೇ ಬೆಳಕು ಹರಿಯುವ ಹೊತ್ತಿನಲ್ಲಿ, ಈಜುಕೊಳದ ಹಿಂದಿನ ಗಿಡಗಳ ಮರೆಯಿಂದ ಅವನು ಗಮ್‌ಬೂಟು ಹಾಕಿಕೊಂಡು ಎದ್ದು ಬಂದದ್ದನ್ನು ಏಳನೇ ಮಹಡಿಯ ಡಾಕ್ಟರಮ್ಮ ಬಾಲ್ಕನಿಯಿಂದ ನೋಡಿದ್ದರು. ಕುಡಿದ ಕಾಫಿ ಬಾಯಿಗೆ ಬಂತೆಂದು ದೂರು ಕೊಟ್ಟರು. ಕಾರ್ಯದರ್ಶಿಗಳು ಅಂದೇ ನಿಯಮ ಹೊರಡಿಸಿದರು: ಗಟಾರದಣ್ಣ ಕ್ಲಬ್‌ಹೌಸು, ಕೊಳ, ಲಿಫ್ಟು, ಯಾವ ಕಡೆಯೂ ತಲೆ ಹಾಕಕೂಡದು.

"ಅಲ್ಲಿ ದಿನಾ ಒಂದು ಕೆಲಸ ಇದೆ ಸಾರ್," ಎಂದು ಅವನು ಶುರುಮಾಡಿದ.

"ದೂರ ನಿಂತ್ಕೋ. ಏನಿದ್ರೂ ಬರೆದು ಕೊಡು."

ಬರೆದು ಕೊಟ್ಟ. ಮಡಿಸಿದ ಕಾಗದದ ಅಂಚಿನಲ್ಲಿ ಹೆಬ್ಬೆರಳಗಲದ ಕಂದು ಕಲೆ. ಗ್ರೀಸಿನದೇ ಇರಬೇಕು. ಕಾರ್ಯದರ್ಶಿಗಳಿಗೆ ಬೇರೇನೋ ಅನಿಸಿ ಮೈಯೆಲ್ಲ ಅಸಹ್ಯವಾಯಿತು. ಹೊಸದಾಗಿ ಸೇರಿದ ಮ್ಯಾನೇಜರನಿಂದ ಅದನ್ನು ಇಕ್ಕಳದಲ್ಲಿ ಎತ್ತಿಸಿ, ಪಾಲಿಥಿನ್ ಚೀಲಕ್ಕೆ ಹಾಕಿಸಿ, ಫೈಲಿಗೆ ಸೇರಿಸಿದರು. ಓದಲಿಲ್ಲ. ಮುಟ್ಟಿಯೇ ಇರದಿದ್ದರೂ ಎರಡು ಸಲ ಕೈ ತೊಳೆದುಕೊಂಡರು.

ನಾತ ಶುರುವಾದದ್ದು ಅದಾದ ಎರಡು ಮೂರು ದಿನಕ್ಕೆ. ಸೇಡು ಎನ್ನಲು ಇನ್ನೇನು ಬೇಕು? ಕದ್ದು ಓಡಾಡಿ, ಬೇಕಂತಲೇ ಹೊಲಸು ಮೆತ್ತಿ ಹೋಗುತ್ತಿದ್ದಾನೆ. ಬೆಳಗಿನ ಈಜಿನ ಗೆಳೆಯರೆಲ್ಲ ಹೌದು ಹೌದೆಂದರು. ನಾತ ಒಬ್ಬರನ್ನು ಕಾರಿನವರೆಗೂ ಬೆನ್ನು ಹತ್ತಿತ್ತಂತೆ. ಜಿಮ್ಮಿಗೆ ಬರುವವರು ಮಾತ್ರ ತಮಗೇನೂ ಗೊತ್ತಾಗುತ್ತಿಲ್ಲ ಎಂದರು. ಬೆವರಿನಲ್ಲಿ ಬಿದ್ದಿರುವವರಿಗೆ ಮೂಗೆಲ್ಲಿ ಎಂದು ಕಾರ್ಯದರ್ಶಿಗಳು ನಕ್ಕರು. ಮನೆಯಲ್ಲಿ ಹೆಂಡತಿ ಅವರ ಗೊರಕೆ ತಡೆಯಲಾಗದೆಂದು ಹಾಲಿನ ಸೋಫಾಕ್ಕೆ ಹೋಗಿ ವಾರವಾಗಿತ್ತು. ಮೂವತ್ತು ವರ್ಷ ಅದೇ ಗೊರಕೆ ತಡೆದುಕೊಂಡಿದ್ದವರು.

ಮನಸ್ಸಿಗೆ ನೆಮ್ಮದಿ ಕೊಳ ಒಂದರಲ್ಲೇ. ಅಲ್ಲಿ ಕ್ಲೋರಿನ್ ಘಾಟು ಬಿಟ್ಟರೆ ಬೇರೆ ವಾಸನೆಯಿಲ್ಲ. ಬಿರುಬೇಸಗೆಯಲ್ಲೂ ಅಂಚು ಮುಟ್ಟಿ ತುಳುಕುತ್ತಿತ್ತು. ತಾವು ಶಿಸ್ತು ತಂದದ್ದರ ಫಲ ಎಂದು ಅವರು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ನಡುನೀರಿನಲ್ಲಿ ನಿಂತು, ಬಾಯ್ತುಂಬ ನೀರು ತುಂಬಿಕೊಂಡು, ಆನೆಯ ಹಾಗೆ ಕಾರಂಜಿ ಬಿಡುವುದು ಅವರ ಹಳೇ ಚಟ. ಗೆಳೆಯರು ಚಪ್ಪಾಳೆ ತಟ್ಟುತ್ತಿದ್ದರು. ದೊಡ್ಡವರು, ಏನು ಮಾಡಿದರೂ ಚೆಂದ.

ಲಿಫ್ಟಿನಲ್ಲಿ ನಾತ ಬಡಿದ ಆ ದಿನ ಸಂಜೆಯೇ ಗಟಾರದಣ್ಣನನ್ನು ಕರೆಸಿ, ಹತ್ತಡಿ ದೂರದಲ್ಲಿ ನಿಲ್ಲಿಸಿ, ಕೆಲಸದಿಂದ ತೆಗೆದರು. ಬೆಳಿಗ್ಗೆಯೊಳಗೆ ಕೋಣೆ ಖಾಲಿಯಾಗಬೇಕು ಎಂದರು.

ಅವನು ಕಾಲಿಗೆ ಬೀಳಲಿಲ್ಲ. ಮಗಳ ಪರೀಕ್ಷೆ ಮುಗಿಯುವವರೆಗೆ ಕೋಣೆ ಬಿಡಿ ಎಂದು ಒಮ್ಮೆ ಕೇಳಿದ. ಆಗುವುದಿಲ್ಲ ಎಂದ ಮೇಲೆ ಮತ್ತೆ ಕೇಳಲಿಲ್ಲ.

"ನಾತ ನಂದೇ ಅಂತೀರಿ. ಇರಬಹುದು ಸಾರ್, ನನ್ನ ಮೂಗು ಯಾವಾಗಲೋ ಸತ್ತೋಗಿದೆ," ಎಂದ. "ನನ್ನ ಕಾಗದ ಓದಿದ್ರಲ್ವಾ?"

"ಓದಿದೀನಿ."

"ಆ ಕೆಲಸ ಯಾರಾದ್ರೂ ಮಾಡ್ತಿದಾರಾ?"

"ನಿನಗಿಂತ ಚೆನ್ನಾಗಿ ಮಾಡ್ತಿದಾರೆ. ನಡಿ."

"ಹಾಗಾದ್ರೆ ಸರಿ," ಎಂದು ಅವನು ಹೊರಟ. ಮರುದಿನ ಏಳು ಗಂಟೆಗೆ ಪಾತ್ರೆಯ ಮೂಟೆ ಹೊತ್ತ ಅಪ್ಪ ಅಮ್ಮನ ಹಿಂದೆ ಹುಡುಗಿಯೊಬ್ಬಳು ಪುಸ್ತಕದ ಚೀಲ ಬೆನ್ನಿಗೇರಿಸಿಕೊಂಡು ಗೇಟು ದಾಟಿದಳು. ವಾಚ್‌ಮನ್ ಬಿಟ್ಟರೆ ಯಾರೂ ನೋಡಲಿಲ್ಲ.

ಕೊಳದಲ್ಲಿ ಆಗ ಸಂಭ್ರಮವೋ ಸಂಭ್ರಮ. ಪೀಡೆ ತೊಲಗಿತ್ತು, ಲಿಫ್ಟುಗಳನ್ನು ಫಿನಾಯಿಲ್ ಹಾಕಿ ತೊಳೆಸಿಯಾಗಿತ್ತು. ಮ್ಯಾನೇಜರ್ ಫೈಲು ಹಿಡಿದು ದಂಡೆಗೆ ಬಂದ. ಗಟಾರದಣ್ಣನ ಫೈಲು ಮುಚ್ಚಬೇಕು, ಇದೊಂದು ಕಾಗದ ಓದದೆ ಉಳಿದಿದೆ, ಏನು ಮಾಡಲಿ ಎಂದು ಕೇಳಿದ. ಪಾಲಿಥಿನ್ ಚೀಲ ಕಂಡ ಕಾರ್ಯದರ್ಶಿಗಳಿಗೆ ತಮಾಷೆ ಹೊಳೆಯಿತು.

"ಜೋರಾಗಿ ಓದಪ್ಪ, ಎಲ್ಲರೂ ಕೇಳ್ಲಿ. ನೀನು ಮುಗಿಸಿದ ತಕ್ಷಣ ನನ್ನ ಕಾರಂಜಿ."

ಎಂದವರೇ ಮುಳುಗಿ, ಕೆನ್ನೆ ಉಬ್ಬುವಷ್ಟು ನೀರು ತುಂಬಿಕೊಂಡು ಎದ್ದರು. ಗೆಳೆಯರು ಸುತ್ತ ನೆರೆದರು. ಮ್ಯಾನೇಜರ್ ಎರಡೇ ಬೆರಳಲ್ಲಿ ಕಾಗದ ಬಿಡಿಸಿ ಓದಿದ.

"ಸಾರ್, ತೋಟಕ್ಕೂ ಕೊಳಕ್ಕೂ ಬಿಲ್ಡರು ಒಂದೇ ಪೈಪು ಹಾಕಿದಾರೆ. ಬೆಳಿಗ್ಗೆ ಆರಕ್ಕೆ ಪಂಪು ತಾನೇ ಶುರುವಾಗಿ ನೆಲಮಾಳಿಗೆಯ ನೀರು ತೋಟಕ್ಕೆ ಹೋಗುತ್ತೆ. ರಾತ್ರಿ ಕೊಳಕ್ಕೆ ಒಳ್ಳೆ ನೀರು ಬಿಡಲು ವಾಚ್‌ಮನ್ ತೆಗೆಯುವ ಕೊಳದ ಹಿಂದಿನ ವಾಲ್ವ್ ಅಷ್ಟರೊಳಗೆ ಮುಚ್ಚಬೇಕು, ಇಲ್ಲದಿದ್ರೆ ಆ ನೀರೆಲ್ಲ ಕೊಳಕ್ಕೆ ಬರುತ್ತೆ. ಇಷ್ಟು ವರ್ಷ ದಿನಾ ನಾನೇ ಮುಚ್ಚುತ್ತಿದ್ದೆ. ನಾಳೆಯಿಂದ ಬೇರೆ ಯಾರಿಗಾದ್ರೂ ಹೇಳಿ. ಮರೆತರೆ ದಯವಿಟ್ಟು ಯಾರೂ ನೀರಿಗೆ ಇಳಿಯಬೇಡಿ."

ಕಾರ್ಯದರ್ಶಿಗಳ ಬಾಯಲ್ಲಿ ನೀರು ಹಾಗೇ ಇತ್ತು.