ಬಾಳಿಗೊಂದೇ ಸ್ನಾನ

ಪಕಾಟಸ್ ಸಾಯಲಿಲ್ಲ. ಅದಕ್ಕೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೇಜಾರು ಮಾಡಿಕೊಂಡವನು ಅವನೇ. ಜ್ವರ ನೆತ್ತಿಗೇರಿದ ದಿನ ಗ್ರೀಕ್ ವೈದ್ಯ ಕೈಚೆಲ್ಲಿದ್ದ. ಚರ್ಚಿನ ಗುರು ಪ್ರೋಬಸ್ ಓಡಿಬಂದು, ಹಾಸಿಗೆಯಲ್ಲೇ ತಲೆಗೆ ನೀರು ಹೊಯ್ದು ದೀಕ್ಷಾಸ್ನಾನ ಮುಗಿಸಿದ್ದರು. ಮೂರನೆಯ ದಿನ ರೋಗಿ ಎದ್ದು ಕೂತು ಹಂದಿಮಾಂಸದ ಸಾರು ಕೇಳಿದ.

ಕಾಪುವಾ ಊರಿನ ದೊಡ್ಡಮನುಷ್ಯರನ್ನು ಬಲ್ಲವರಿಗೆ ಅವನ ಸಂಕಟ ಅರ್ಥವಾಗುತ್ತದೆ. ಆ ನೀರು ಬಾಳಿಗೆ ಒಂದೇ ಸಲ. ಅಲ್ಲಿಯವರೆಗೆ ಮಾಡಿದ ಪಾಪವನ್ನೆಲ್ಲ ಅದು ತೊಳೆದುಬಿಡುತ್ತದೆ, ಆಮೇಲೆ ಮಾಡಿದ್ದು ಮೈಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಅರಮನೆಯವರಿಂದ ಹಿಡಿದು ಎಲ್ಲರೂ ಕ್ರಿಸ್ತನನ್ನು ನಂಬುತ್ತಿದ್ದರು, ನೀರನ್ನು ಮಾತ್ರ ಕೊನೆಯುಸಿರಿಗೆಂದು ಕಾದಿಡುತ್ತಿದ್ದರು. ಬಟ್ಟೆ ಪೂರ್ತಿ ಕೊಳೆಯಾಗದೆ ಅಗಸನಿಗೆ ಯಾರು ಹಾಕುತ್ತಾರೆ? ಇಪ್ಪತ್ತು ವರ್ಷ ಜೋಪಾನ ಮಾಡಿದ್ದನ್ನು ಪಕಾಟಸ್ ಒಂದು ಹಾಳು ಜ್ವರಕ್ಕೆ ಖರ್ಚು ಮಾಡಿಕೊಂಡಿದ್ದ. ಇನ್ನು ಬದುಕಿರುವಷ್ಟು ದಿನ ಒಳ್ಳೆಯವನಾಗಿರಬೇಕಲ್ಲ ಎಂದು, ದೀಕ್ಷೆಯ ಬಿಳಿ ಅಂಗಿ ತೊಟ್ಟು, ವೈದ್ಯನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕುತ್ತ ಕೂತಿದ್ದ. ಪಕ್ಕದಲ್ಲಿ ಪ್ರೋಬಸ್ ಅವನಿಗೆ ಒಳ್ಳೆಯತನದ ಪಾಠ ಹೇಳುತ್ತಿದ್ದರು.

ಎಗ್ನಾಟಿಯಾ ಬಂದದ್ದು ಆಗ. ಪಕಾಟಸನ ತೀರಿಹೋದ ತಮ್ಮನ ಹೆಂಡತಿ. ತಮ್ಮ ಸತ್ತ ವರ್ಷವೇ ಪಕಾಟಸ್, ಅವನ ಆಲಿವ್ ತೋಟವನ್ನು ತಾನು ಕೊಂಡಿದ್ದಾಗಿ ಹಳೇ ದೇವರು ಜೂಪಿಟರನ ಪೀಠ ಮುಟ್ಟಿ ಪ್ರಮಾಣ ಮಾಡಿ ಲಪಟಾಯಿಸಿದ್ದ. ಕ್ರಿಸ್ತನ ಹೆಸರೆತ್ತದಷ್ಟು ಜಾಣತನ ಅವನಿಗಿತ್ತು. ಅಂದಿನಿಂದ ಅವಳು ತನ್ನದೇ ತೋಟದಲ್ಲಿ ಕೂಲಿಗೆ ಕಾಯಿ ಆರಿಸುತ್ತಿದ್ದಳು. ಈ ಸುಗ್ಗಿಯಿಂದ ಮಗಳನ್ನೂ ಕೂಲಿಗೆ ಇಳಿಸಬೇಕು, ಇಲ್ಲವೆಂದರೆ ಇಬ್ಬರಿಗೂ ಕೆಲಸವಿಲ್ಲ ಎಂದು ಮೇಸ್ತ್ರಿ ಹೇಳಿದ್ದ. ಭಾವ ಹೊಸ ಮನುಷ್ಯನಾಗಿದ್ದಾನೆ ಎಂದು ಊರು ಆಡಿಕೊಳ್ಳುವುದನ್ನು ಕೇಳಿ, ಪಾಪ, ನಂಬಿ ಬಂದಿದ್ದಳು.

"ಹುಷಾರಾದ್ರಲ್ಲ ಭಾವ, ಸಂತೋಷ. ಮಾಡಿದ್ದೆಲ್ಲಾ ತೊಳ್ಕೊಂಡ್ರಂತೆ. ಇನ್ನಾದ್ರೂ ನಮ್ಮ ತೋಟ ಬಿಟ್ಕೊಡಿ."

"ಯಾವ ತೋಟ?"

"ಯಾವ ತೋಟಾನಾ? ದೇವರ ಪೀಠ ಮುಟ್ಟಿ ಸುಳ್ಳು ಹೇಳಿ ನುಂಗಿದ್ರಲ್ಲ, ಅದು!"

ಪಕಾಟಸ್ ರೇಗಲಿಲ್ಲ. ಸಿಟ್ಟೂ ಪಾಪವೇ ಎಂದು ಗುರುಗಳು ಈಗಷ್ಟೇ ಹೇಳಿದ್ದರು. "ಜೂಪಿಟರ್ ದೇವರೇ ಅಲ್ಲಮ್ಮ, ಬರೀ ಕಲ್ಲು. ಕಲ್ಲು ಮುಟ್ಟಿ ಹೇಳಿದ್ದು ಪ್ರಮಾಣ ಹೇಗಾಗತ್ತೆ?"

"ಹಾಗಾದ್ರೆ ತೋಟ ನಿಮ್ಮದು ಹೇಗಾಯ್ತು?"

ಪಕಾಟಸ್ ಗುರುಗಳ ಮುಖ ನೋಡಿದ. ಪ್ರೋಬಸ್ ಗಂಟಲು ಸರಿಮಾಡಿಕೊಂಡರು. ಆ ತೋಟದ ಎಣ್ಣೆಯಲ್ಲಿ ಒಂದು ಪಾಲು ಚರ್ಚಿನ ದೀಪಗಳಿಗೆ ಎಂದು ಪಕಾಟಸ್ ಜ್ವರದಲ್ಲಿ ಮಾತು ಕೊಟ್ಟಿದ್ದ. ದೀಪ ಉರಿಯಬೇಕಾದರೆ ತೋಟ ಅವನಲ್ಲೇ ಉಳಿಯಬೇಕಿತ್ತು.

"ನೋಡು ತಾಯಿ, ನಿನ್ ಭಾವ ತಪ್ಪು ಮಾಡೇ ಇಲ್ಲ ಅಂತ ನಾನು ಹೇಳಲ್ಲ. ಮಾಡಿರಬಹುದು. ಆದ್ರೆ ಅದು ತೊಳೆದುಹೋಯ್ತು. ಇಲ್ಲದೇ ಇರೋ ಪಾಪಕ್ಕೆ ಪರಿಹಾರ ಎಲ್ಲಿಂದ ಬರಬೇಕು? ಈಗ ತೋಟ ವಾಪಸ್ ಕೊಟ್ರೆ, ಆ ನೀರು ಕೆಲಸ ಮಾಡಿಲ್ಲ ಅಂತ ನಾವೇ ಒಪ್ಕೊಂಡ ಹಾಗೆ. ಅದು ದೇವರಿಗೆ ಅವಮಾನ."

ಕಾಯಿಲೆ ಬಿದ್ದ ಮೇಲೆ ಮೊದಲ ಸಲ ಪಕಾಟಸನ ಮುಖಕ್ಕೆ ಕಳೆ ಬಂತು. "ಅಯ್ಯೋ, ದೇವರಿಗೆ ಅವಮಾನ ಮಾಡಕ್ಕಾಗತ್ತಾ! ನನಗೇನೋ ಕೊಟ್ಬಿಡೋಣ ಅಂತಾನೇ ಇತ್ತಮ್ಮ. ಧರ್ಮ ಅಡ್ಡ ಬರತ್ತೆ, ಏನು ಮಾಡ್ಲಿ?"

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಗುಡಿ ಹೋಗಿ ಚರ್ಚು ಬಂದರೂ ಈ ಗಾದೆಗೆ ಒಂದು ಕೂದಲೂ ಕೊಂಕಿಲ್ಲ.

ಎಗ್ನಾಟಿಯಾಗೆ ಮೈಯೆಲ್ಲ ಉರಿದುಹೋಯಿತು. ಬೈದರೆ ಹೊರಗೆ ದಬ್ಬಿಸುತ್ತಾರೆ, ಅತ್ತರೆ ಆಶೀರ್ವಾದ ಮಾಡಿ ಕಳಿಸುತ್ತಾರೆ. ಅವಳು ಎರಡನ್ನೂ ಮಾಡದೆ, ಸಂತೆಯಲ್ಲಿ ಮಡಕೆ ಕೊಳ್ಳುವವಳ ಹಾಗೆ, ಗುರುಗಳನ್ನು ಒಂದೊಂದಾಗಿ ಕೇಳತೊಡಗಿದಳು.

"ಈ ನೀರನ್ನ ನನ್ನಂಥವಳಿಗೂ ಹಾಕ್ತೀರಾ ಗುರುಗಳೇ? ನಾನಿನ್ನೂ ಹಳೇ ದೇವರಿಗೇ ನಡ್ಕೊಳೋಳು."

"ಹಾಕ್ದೆ ಏನಮ್ಮ! ಯಾವತ್ತು ಬಂದ್ರೂ ಹಾಕ್ತೀನಿ." ಪ್ರೋಬಸ್ ಹಿಗ್ಗಿದರು. ಒಂದೇ ಮನೆಯಲ್ಲಿ ಇನ್ನೊಂದು ಆತ್ಮ ಸಿಕ್ಕಿತ್ತು.

"ಎಂಥಾ ಪಾಪ ಆದ್ರೂ ಹೋಗತ್ತಾ?"

"ಎಂಥಾದ್ದೇ ಆಗ್ಲಿ. ಕಳ್ಳತನ, ಹಾದರ, ಯಾವುದೂ ನಿಲ್ಲಲ್ಲ."

"ಕೊಲೆ?"

"ಕೊಲೆ ಮಾಡಿ ಬಂದೋನನ್ನೂ ನಾನೇ ತೊಳೆದು ಕಳಿಸಿದೀನಿ. ಆಗ ತಾನೇ ಹುಟ್ಟಿದ ಮಗು ಥರ ಎದ್ದು ಹೋದ."

"ಸತ್ತೋನು ಅವನ ನೆಂಟನೇ ಆಗಿದ್ರೆ?"

"ನೆಂಟನಾದ್ರೇನು, ಯಾರಾದ್ರೇನು..." ಎನ್ನುತ್ತಿದ್ದ ಪ್ರೋಬಸ್ ಅಲ್ಲಿಗೇ ನಿಂತರು. ಪಕಾಟಸ್ ಚಾಚಿದ್ದ ಕಾಲನ್ನು ನಿಧಾನಕ್ಕೆ ಒಳಗೆ ಎಳೆದುಕೊಂಡ.

ಎಗ್ನಾಟಿಯಾ ಆಲಿವ್ ಕಾಯಿಯ ಕಪ್ಪು ಹತ್ತಿದ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಅವನ ಮಗ್ಗುಲಿಗೆ ಬಂದು ಕೂತಳು.

"ನಿಮ್ಮ ನೀರು ಮುಗಿದುಹೋಯ್ತಲ್ಲ ಭಾವ," ಎಂದಳು. "ನಂದು ಇನ್ನೂ ಹಾಗೇ ಇದೆ."