ಕೆಂಪು ದಾರ

"ಅದನ್ನ ಇತ್ತ ಕೊಡ್ರೀ, ನೆನೆಯುತ್ತೆ," ಎಂದು ಹಿಲ್ಕಾ ಕೈ ಚಾಚಿದಳು.

ಓರ್ವೊಕ್ಕಿ ಕೊಡಲಿಲ್ಲ. ಕಾಗದದ ಪೊಟ್ಟಣವನ್ನು ಎದೆಗೆ ಅವುಚಿಕೊಂಡೇ ದೋಣಿಗೆ ಕಾಲಿಟ್ಟಳು. ಕಾಲಿಡುವಾಗ ದೋಣಿಯ ಮೂತಿಯ ಮೇಲೆ ಹೆಸರು ಬರೆದಿದ್ದ ಕೆಂಪು ಅಕ್ಷರಗಳಿಗೆ ಅವಳ ಬೂಟು ತಾಗಿತು. ತಾಗಿತು ಎನ್ನುವುದು ಮರ್ಯಾದೆಗೆ. ನೋಡಿದವರು ಒದ್ದಳು ಎಂದೇ ಹೇಳುತ್ತಿದ್ದರು.

"ಈ ಡಬ್ಬಾನ ಇನ್ನೂ ಮಾರಿಲ್ವಾ?"

"ಲೌರಿ ಬಿಡಲ್ಲ."

"ಬಿಡಲ್ಲ ಬಿಡಿ. ಅದು ನನಗೂ ಗೊತ್ತು."

ಹಿಲ್ಕಾ ಮೋಟಾರಿನ ಹಗ್ಗ ಎಳೆದಳು. ವೆಲ್ಲಮೋ ಎಂಬ ಆ ದೋಣಿಗೆ ನಲವತ್ತು ವರ್ಷ. ಆದರೂ ಮೋಟಾರು ಒಂದೇ ಎಳೆತಕ್ಕೆ ಎದ್ದಿತು. ಅಕ್ಟೋಬರ್ ಶನಿವಾರದ ಚಳಿ. ನದಿಯ ಎರಡೂ ದಡದ ಬರ್ಚ್ ಮರಗಳು ಹಳದಿ ಉದುರಿಸುತ್ತಿದ್ದವು. ಪೊರಿ ನಗರಕ್ಕೆ ಒಂದೂವರೆ ಗಂಟೆಯ ದಾರಿ. ಬಸ್ಸಿನಲ್ಲಾದರೆ ಇಪ್ಪತ್ತು ನಿಮಿಷ. ಆದರೆ ಮಗ ಫೋನಿನಲ್ಲಿ ಹಟ ಹಿಡಿದಿದ್ದ: "ಬಸ್ಸು ಬೇಡಮ್ಮ, ಇಬ್ರೂ ದೋಣೀಲೇ ಬನ್ನಿ."

ಹಿಲ್ಕಾಳ ಮಗ ಲೌರಿ, ಓರ್ವೊಕ್ಕಿಯ ಮಗಳು ಕೈಸಾ. ಅವರ ಚೊಚ್ಚಲ ಹೆಣ್ಣುಮಗುವಿಗೆ ಇವತ್ತು ನಾಮಕರಣ. ತಲೆಗೆ ಇಗರ್ಜಿಯ ನೀರು ಬೀಳುವವರೆಗೆ ಮಗುವಿನ ಹೆಸರು ಹೆತ್ತವರ ಬಾಯಿಂದ ಹೊರಗೆ ಬರುವಂತಿಲ್ಲ, ಅಜ್ಜಿಯಾದರೂ ಕೇಳುವಂತಿಲ್ಲ. ಎರಡು ತಿಂಗಳಿಂದ ಎಲ್ಲರೂ ಕೂಸನ್ನು "ಕಾಳು" ಎಂದೇ ಕರೆಯುತ್ತಿದ್ದರು.

ಆದರೆ ಓರ್ವೊಕ್ಕಿಯ ಮನೆತನದಲ್ಲಿ ಒಂದು ಉದ್ದನೆಯ ಬಿಳಿ ಅಂಗಿ ಇತ್ತು. ನಾಲ್ಕು ತಲೆಮಾರಿನ ಮಕ್ಕಳು ಅದನ್ನು ತೊಟ್ಟೇ ಹೆಸರು ಪಡೆದವರು. ಅಂಚಿನಲ್ಲಿ ಎಲ್ಲರ ಹೆಸರೂ ಕಸೂತಿ. ಹೊಸ ಹೆಸರು ಹೊಲಿಯಬೇಕೆಂದರೆ ಹೊಲಿಯುವವಳಿಗೆ ಅದು ಗೊತ್ತಿರಲೇಬೇಕಲ್ಲ.

ಅಂದರೆ ಹೆಸರು ಬಲ್ಲವರು ಜಗತ್ತಿನಲ್ಲಿ ಮೂರೇ ಜನ. ಮೂರನೆಯವಳು ಎದುರು ಹಲಗೆಯ ಮೇಲೆ ನಿಂಬೆಹುಳಿ ಕಚ್ಚಿದ ಮುಖ ಮಾಡಿಕೊಂಡು ಕೂತಿದ್ದಳು. ಕೆಂಪು ಟೋಪಿ, ಕೆಂಪು ಕೈಗವಸು. ತೋಳಿನ ಮೇಲೆ ಒಂದು ತುಂಡು ಕೆಂಪು ದಾರ.

ಹಿಲ್ಕಾಳ ಕಣ್ಣು ಆ ದಾರದ ಮೇಲೇ ನಿಂತಿತು.

"ನಿಮ್ಮ ಮನೇಲಿ ಬಿಳಿ ದಾರದಲ್ಲೇ ತಾನೇ ಹೊಲಿಯೋದು?"

"ಕೈಸಾ ಕೆಂಪೇ ಆಗ್ಬೇಕು ಅಂದ್ಲು. ಅದೇ ಬಣ್ಣ ಹೊಂದಿಸೋಕೆ ಮೂರು ಅಂಗಡಿ ಸುತ್ತಿದೆ."

ತನ್ನ ಹೆಸರೆಂದೇ ಟೋಪಿಗೆ ಹೊಂದಿಸಿದ್ದಾಳೆ, ಎಂದುಕೊಂಡಳು ಹಿಲ್ಕಾ. ಕೋಟಿನ ಜೇಬಿಗೆ ಕೈ ಹಾಕಿ ಬೆಳ್ಳಿ ಚಮಚವನ್ನು ಮುಟ್ಟಿ ನೋಡಿದಳು. ಕೂಸು ಹುಟ್ಟಿದ ವಾರವೇ ಅದರ ಹಿಡಿಯ ಮೇಲೆ ತನ್ನ ಹೆಸರು ಕೆತ್ತಿಸಿದ್ದಳು. ಅವಳ ಅಜ್ಜಿಯೂ ಹಿಲ್ಕಾ, ಆ ಅಜ್ಜಿಯ ಅಜ್ಜಿಯೂ ಹಿಲ್ಕಾ. ಈ ಕೂಸಿಗೆ ಇಡದಿದ್ದರೆ ಆ ಹೆಸರು ತನ್ನ ಜೊತೆಗೇ ಮಣ್ಣಿಗೆ.

"ಕಾಫಿ?" ಎಂದಳು ಓರ್ವೊಕ್ಕಿ.

"ಬೇಡ."

"ಕುಡೀರಿ, ವಿಷ ಹಾಕಿಲ್ಲ. ನಾವು ಬೀಗಿತ್ತಿಯರಾಗಿದ್ದೇ ಈ ದೋಣಿಯಿಂದ. ಆವತ್ತು ನಿಮ್ಮ ಮಗ ಇದರಲ್ಲಿ ಕೂರಿಸಿಕೊಂಡು ಹೋಗದಿದ್ರೆ ನನ್ನ ಮಗಳು ಡಾಕ್ಟರನ್ನ ಮದುವೆ ಆಗ್ತಿದ್ಲು."

ಹಿಲ್ಕಾ ಮೋಟಾರು ಆರಿಸಿದಳು. ನದಿ ಒಮ್ಮೆಲೇ ಮೌನವಾಯಿತು.

"ಹೆಸರು ಹೇಳಿ. ಹೇಳೋವರೆಗೂ ಇಲ್ಲೇ ಇರೋಣ."

"ಹೇಳಿದ್ರೆ ನನ್ನನ್ನ ನೀರಿಗೆ ತಳ್ತೀರಿ. ಇಲ್ಲಾಂದ್ರೆ ದೋಣೀನೇ ಮುಳುಗಿಸ್ತೀರಿ," ಎಂದ ಓರ್ವೊಕ್ಕಿ ತುಸು ಯೋಚಿಸಿ, "ಮುಳುಗಿಸಿ ಬೇಕಾದ್ರೆ. ನನಗೇನೂ ಬೇಜಾರಿಲ್ಲ," ಎಂದಳು.

ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಲು ಬಗ್ಗಿದಳು. ಹಿಲ್ಕಾ ಪೊಟ್ಟಣಕ್ಕೆ ಕೈ ಹಾಕಿ ಸರಕ್ಕನೆ ಎಳೆದುಕೊಂಡು ನೀರಿನ ಮೇಲೆ ಹಿಡಿದಳು.

ಓರ್ವೊಕ್ಕಿ ಕಿರುಚಲಿಲ್ಲ. ಏಳಲೂ ಇಲ್ಲ.

"ಬಿಡಿ, ಬಿಟ್ಟುಬಿಡಿ. ಗಾಳಿಗೆ ಹಾರಿಹೋಯ್ತು ಅಂತೀನಿ. ಮೂರು ದಿನ ಆ ಹೆಸರು ಹೊಲಿದು ಬೆರಳೆಲ್ಲ ಚುಚ್ಚಿಕೊಂಡಿದ್ದೀನಿ. ನಮ್ಮಜ್ಜಿ ಅಂಗಿ ಅನ್ನೋ ಒಂದೇ ಸಂಕಟ, ನೋಡಿ."

ಎಂಥ ಸೊಕ್ಕು, ಎನಿಸಿತು ಹಿಲ್ಕಾಳಿಗೆ. ಅಂಗಿ ಹೋದರೂ ಹೆಸರು ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯ. ಪೊಟ್ಟಣವನ್ನು ಅವಳ ಮಡಿಲಿಗೆಸೆದು ಮತ್ತೆ ಹಗ್ಗ ಎಳೆದಳು.

ಇಗರ್ಜಿಯ ಕಬ್ಬಿಣದ ಶಿಖರ ಕಾಣಿಸಿತು. ಅದರ ಕೆಳಗೇ ನದಿದಡದಲ್ಲಿ ಲೌರಿ ಕ್ಯಾಮೆರಾ ಹಿಡಿದು ನಿಂತಿದ್ದ. ಬರುತ್ತಿರುವ ದೋಣಿಯ ಫೋಟೋ ಹತ್ತಾರು ತೆಗೆದ. ಆಮೇಲಷ್ಟೇ ಅಮ್ಮಂದಿರಿಗೆ ಕೈ ಕೊಟ್ಟು ಇಳಿಸಿಕೊಂಡ.

ಕೈಸಾ ಕೂಸಿಗೆ ಅಂಗಿ ತೊಡಿಸಿ, ಅಂಚು ಯಾರಿಗೂ ಕಾಣದಂತೆ ಶಾಲು ಹೊದಿಸಿದಳು. ಇಬ್ಬರು ಅಜ್ಜಿಯರೂ ಮುಂದಿನ ಬೆಂಚಿನಲ್ಲಿ ನಡುವೆ ಒಂದು ಮೊಳ ಜಾಗ ಬಿಟ್ಟು ಕೂತರು. ಆರ್ಗನ್ ಶುರುವಾಯಿತು.

ಆಗ ಓರ್ವೊಕ್ಕಿ ಚೀಲದಿಂದ ಏನನ್ನೋ ತೆಗೆದು, ನಡುವಿನ ಜಾಗದಲ್ಲಿಟ್ಟು ಹಿಲ್ಕಾಳತ್ತ ಸರಿಸಿದಳು. ಬೆಳ್ಳಿ ಚಮಚ. ಹಿಡಿಯ ಮೇಲೆ "ಓರ್ವೊಕ್ಕಿ" ಎಂದು ಕೆತ್ತಿತ್ತು.

"ಹುಟ್ಟಿದ ವಾರಾನೇ ಕೆತ್ತಿಸಿಬಿಟ್ಟಿದ್ದೆ," ಎಂದು ಪಿಸುಗುಟ್ಟಿದಳು. ಕಣ್ಣು ಒದ್ದೆಯಾಗಿತ್ತು. "ಇನ್ನು ಇದರಲ್ಲಿ ನಾನೇ ಗಂಜಿ ತಿನ್ಬೇಕು."

ಹಾಗಾದರೆ ಅವಳ ಹೆಸರಲ್ಲ. ಅಂದರೆ ತನ್ನದೇ, ಎಂದುಕೊಂಡಳು ಹಿಲ್ಕಾ. ಆ ಹುಳಿ ಮುಖ, ಬೂಟಿನ ಒದೆತ, ಬಿಟ್ಟುಬಿಡಿ ಎಂದದ್ದು: ಎಲ್ಲಾ ಹೊಟ್ಟೆಕಿಚ್ಚು. ಪಾಪ. ಹಿಲ್ಕಾ ಬೆನ್ನು ನೆಟ್ಟಗೆ ಮಾಡಿ, ತನ್ನ ಚಮಚವನ್ನು ಜೇಬಿನಿಂದ ತೆಗೆದು ಅಂಗೈಯಲ್ಲಿ ಹಿಡಿದು, ಬೀಗಿತ್ತಿಯ ಕಡೆಗೆ ಮೊದಲ ಬಾರಿಗೆ ಪ್ರೀತಿಯಿಂದ ನಕ್ಕಳು.

ಓರ್ವೊಕ್ಕಿ ಆ ಚಮಚ ನೋಡಿದಳು, ಅದರ ಮೇಲಿನ ಹೆಸರನ್ನೂ ಓದಿದಳು. "ಅಯ್ಯೋ, ನೀವೂನಾ?" ಎಂದಳು.

ಪಾದ್ರಿಯಮ್ಮ ಕೂಸಿನ ನೆತ್ತಿಗೆ ನೀರು ಹನಿಸಿ, ಕೆಂಪು ದಾರದ ಆ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿದರು: "ವೆಲ್ಲಮೋ."